ಕಾಲೇಜಿನಲ್ಲಿ ಯಾವ ವಿದೇಶಿ ಭಾಷೆ ಕಲಿಯಬೇಕು? ಆಯ್ಕೆಗೆ ಮುನ್ನ ಮಾಡಬೇಕಾದ ಲೆಕ್ಕ

ಕಾಲೇಜಿಗೆ ಸೇರಿದ ಮೊದಲ ವಾರಗಳಲ್ಲಿ ತುಂಬಬೇಕಾದ ಅರ್ಜಿಗಳ ನಡುವೆ ವಿದೇಶಿ ಭಾಷೆಯ ಆಯ್ಕೆಯೂ ಒಂದು ಕಾಲಮ್ಮಾಗಿ ಬಂದು ನಿಲ್ಲುತ್ತದೆ. ಮುಖ್ಯ ವಿಷಯ ಯಾವುದಿರಬೇಕೆಂದು ತಿಂಗಳುಗಟ್ಟಲೆ ಯೋಚಿಸಿದವರು ಕೂಡ ಈ ಕಾಲಮ್ಮನ್ನು ಐದು ನಿಮಿಷದಲ್ಲಿ ತುಂಬಿ ಮುಗಿಸುತ್ತಾರೆ. ಗೆಳೆಯರು ತೆಗೆದುಕೊಂಡಿದ್ದಾರೆ, ಅಂಕ ಸುಲಭವಾಗಿ ಬರುತ್ತದಂತೆ, ವೇಳಾಪಟ್ಟಿಗೆ ಹೊಂದುತ್ತದೆ ಎಂಬ ಕಾರಣಗಳೇ ಹೆಚ್ಚಿನ ಆಯ್ಕೆಗಳ ಹಿಂದೆ ಇರುತ್ತವೆ. ನಾನು ಫ್ರೆಂಚ್ ಆರಿಸಿಕೊಂಡದ್ದೂ ಗೆಳೆಯರ ಜೊತೆ ಕೂರಬಹುದೆಂಬ ಒಂದೇ ಕಾರಣಕ್ಕೆ. ಎರಡು ಸೆಮಿಸ್ಟರ್ ಒಳ್ಳೆಯ ಅಂಕಗಳೇ ಬಂದವು, ಆದರೆ ಮೂರನೆಯ ಸೆಮಿಸ್ಟರಿಗೆ ಮುಂದುವರಿದ ತರಗತಿಯೇ ಇರಲಿಲ್ಲ. ತರಗತಿಯ ಹೊರಗೆ ಆ ಭಾಷೆಯನ್ನು ನಾನು ಒಮ್ಮೆಯೂ ಕೈಗೆತ್ತಿಕೊಂಡಿರಲಿಲ್ಲವಾದ್ದರಿಂದ, ಒಂದು ವರ್ಷ ಕಳೆಯುವಷ್ಟರಲ್ಲಿ ನಾಲ್ಕು ವಾಕ್ಯಗಳೂ ಬಾಯಿಗೆ ಬರದಂತಾಯಿತು. ಆ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತೆಂಬ ಬೇಸರ ನನಗೆ ಇಂದಿಗೂ ಇದೆ. ಅದೇ ಬೇಸರ ಬೇರೆಯವರಿಗೆ ಬರಬಾರದೆಂಬುದೇ ಈ ಬರಹಕ್ಕೆ ಕಾರಣ.

ಯಾವ ಭಾಷೆ ಶ್ರೇಷ್ಠ, ಯಾವುದಕ್ಕೆ ಭವಿಷ್ಯವಿದೆ ಎಂಬ ಪ್ರಶ್ನೆಗಳನ್ನು ಸದ್ಯಕ್ಕೆ ಬದಿಗಿಡಿ. ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಬೇರೆಯೇ ಇದೆ: ತರಗತಿ ಮುಗಿದ ಮೇಲೆ, ಯಾರೂ ಹೇಳದಿದ್ದರೂ, ದಿನಕ್ಕೆ ಅರ್ಧ ಗಂಟೆ ನಾನು ಯಾವ ಭಾಷೆಯ ಜೊತೆ ಕಳೆಯಬಲ್ಲೆ? ಆ ಅರ್ಧ ಗಂಟೆ ಎಲ್ಲಿಂದ ಬರುತ್ತದೆ, ಅದರಲ್ಲಿ ಏನು ಓದುತ್ತೇನೆ, ಯಾರ ಮಾತು ಕೇಳುತ್ತೇನೆ ಎಂಬುದಕ್ಕೆ ಖಚಿತ ಉತ್ತರವಿರುವ ಭಾಷೆಯೇ ನಿಮ್ಮ ಭಾಷೆ. ಇದೇಕೆ ಇಷ್ಟು ಮುಖ್ಯವೆಂಬುದು ಗಂಟೆಗಳ ಲೆಕ್ಕ ಹಾಕಿದರೆ ತಾನಾಗಿಯೇ ತಿಳಿಯುತ್ತದೆ.

ಗಂಟೆಗಳ ಲೆಕ್ಕ

ವಾರಕ್ಕೆ ನಾಲ್ಕು ಗಂಟೆಯ ಪಾಠ, ಹದಿನೈದು ವಾರದ ಸೆಮಿಸ್ಟರ್ ಎಂದಿಟ್ಟುಕೊಂಡರೆ ಒಂದು ಸೆಮಿಸ್ಟರಿಗೆ 60 ಗಂಟೆ, ನಾಲ್ಕು ಸೆಮಿಸ್ಟರಿಗೆ 240 ಗಂಟೆ. ರಜೆ, ಪರೀಕ್ಷೆ, ಕಾರ್ಯಕ್ರಮಗಳನ್ನು ಕಳೆದರೆ ಇನ್ನೂ ಕಡಿಮೆಯೇ ಆಗುತ್ತದೆ.

ಈ ಅಂಕಿಯನ್ನು ಇನ್ನೊಂದು ಅಂಕಿಯ ಪಕ್ಕದಲ್ಲಿಟ್ಟು ನೋಡಬೇಕು. ಅಮೆರಿಕದ ವಿದೇಶಾಂಗ ಇಲಾಖೆಯು ತನ್ನ ರಾಜತಾಂತ್ರಿಕರಿಗೆ ಭಾಷೆ ಕಲಿಸಲು ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್ ಎಂಬ ಸಂಸ್ಥೆಯನ್ನು ನಡೆಸುತ್ತದೆ. ದಶಕಗಳ ಅನುಭವದಿಂದ ಆ ಸಂಸ್ಥೆ ಕಂಡುಕೊಂಡಂತೆ, ಇಂಗ್ಲಿಷ್ ಮಾತೃಭಾಷೆಯವರು ಕೆಲಸಕ್ಕೆ ಸಾಲುವಷ್ಟು ಸ್ಪ್ಯಾನಿಷ್, ಫ್ರೆಂಚ್, ಇಟಾಲಿಯನ್ ಅಥವಾ ಪೋರ್ಚುಗೀಸ್ ಕಲಿಯಲು ಸುಮಾರು 600ರಿಂದ 750 ಗಂಟೆಯ ಪಾಠ ಬೇಕು. ಜರ್ಮನ್‌ಗೆ ಇದು ಸುಮಾರು 900 ಗಂಟೆ, ರಷ್ಯನ್‌ಗೆ ಸುಮಾರು 1,100 ಗಂಟೆ. ಅರೇಬಿಕ್, ಚೀನೀ, ಜಪಾನಿ ಮತ್ತು ಕೊರಿಯನ್ ಭಾಷೆಗಳಿಗೆ ಸುಮಾರು 2,200 ಗಂಟೆ. ಇವು ಪಾಠದ ಗಂಟೆಗಳು ಮಾತ್ರ. ಅಲ್ಲಿನ ವಿದ್ಯಾರ್ಥಿಗಳು ಇದರ ಮೇಲೆ ದಿನವೂ ಕೆಲವು ಗಂಟೆ ಸ್ವಂತವಾಗಿ ಓದುತ್ತಾರೆ, ಮತ್ತು ಅವರಿಗೆ ಆ ಅವಧಿಯಲ್ಲಿ ಬೇರೆ ಕೆಲಸವೇ ಇರುವುದಿಲ್ಲ.

ಕಾಲೇಜು ಕೊಡುವ 240 ಗಂಟೆಗಳು ಅತಿ ಸಮೀಪದ ಭಾಷೆಗೂ ಅರ್ಧ ದಾರಿ ಸಾಲುವುದಿಲ್ಲವೆಂಬುದು ಇದರಿಂದ ಸ್ಪಷ್ಟ. ಉಳಿದ ದಾರಿಯನ್ನು ಸವೆಸುವವರು ನೀವೇ. ದಿನಕ್ಕೆ ಅರ್ಧ ಗಂಟೆಯಂತೆ ಎರಡು ವರ್ಷ ಬಿಡದೆ ಮಾಡಿದರೆ 365 ಗಂಟೆಗಳಾಗುತ್ತವೆ, ಅಂದರೆ ಕಾಲೇಜು ಕೊಡುವುದಕ್ಕಿಂತಲೂ ಹೆಚ್ಚು. ಎರಡೂ ಸೇರಿದಾಗ ಸ್ಪ್ಯಾನಿಷ್‌ನಂತಹ ಭಾಷೆಯಲ್ಲಿ ಸುದ್ದಿ ಓದುವ, ನಿಧಾನವಾಗಿ ಮಾತುಕತೆ ನಡೆಸುವ ಹಂತ ಕೈಗೆಟುಕುತ್ತದೆ. ಜಪಾನಿಯಲ್ಲಾದರೆ ಅದೇ ಶ್ರಮಕ್ಕೆ ಗಟ್ಟಿ ಅಡಿಪಾಯ ಸಿಗುತ್ತದೆಯೇ ಹೊರತು ಪತ್ರಿಕೆ ಓದುವ ಶಕ್ತಿ ಬರುವುದಿಲ್ಲ. ಹಾಗೆಂದು ಜಪಾನಿ ಬೇಡವೆಂದು ನಾನು ಹೇಳುತ್ತಿಲ್ಲ. ಪದವಿ ಮುಗಿದ ಮೇಲೂ ಮುಂದುವರಿಸುವ ಮನಸ್ಸಿದ್ದರೆ ಮಾತ್ರ ಅದನ್ನು ಆರಿಸಿಕೊಳ್ಳಿ ಎನ್ನುತ್ತಿದ್ದೇನೆ.

ಇಲ್ಲೊಂದು ಮಾತು ಸೇರಿಸಲೇಬೇಕು. ಮೇಲಿನ ಅಂಕಿಗಳು ಇಂಗ್ಲಿಷಿನವರ ಅಳತೆಗೋಲಿನಿಂದ ಬಂದವು. ಕನ್ನಡ ಮನೆಮಾತಾಗಿದ್ದು ಇಂಗ್ಲಿಷನ್ನೂ ಬಲ್ಲವರಿಗೆ ಕಷ್ಟ ಸುಲಭಗಳು ಬೇರೆ ಜಾಗಗಳಲ್ಲಿ ಬೀಳುತ್ತವೆ, ಮತ್ತು ಆಯ್ಕೆಗೆ ಕುಳಿತವರು ಅದನ್ನು ಗಮನಿಸುವುದೇ ಅಪರೂಪ.

ಕನ್ನಡ ಬಲ್ಲವರಿಗೆ ಎಲ್ಲಿ ಸಲೀಸು, ಎಲ್ಲಿ ತೊಡಕು

"ನಾನು ನಿನ್ನೆ ಓದಿದ ಪುಸ್ತಕ" ಎಂಬ ನಾಲ್ಕು ಪದಗಳನ್ನು ತೆಗೆದುಕೊಳ್ಳಿ. ಇಂಗ್ಲಿಷಿನಲ್ಲಿ ಇದನ್ನು ಹೇಳಬೇಕಾದರೆ ಪುಸ್ತಕವನ್ನು ಮೊದಲಿಗೆ ತಂದು ಉಳಿದದ್ದನ್ನೆಲ್ಲ ಅದರ ಹಿಂದೆ ಕಟ್ಟಬೇಕು. ಜಪಾನಿಯಲ್ಲಿ ಇದು "ವತಾಶಿ ಗಾ ಕಿನೋ ಯೊಂದಾ ಹೊನ್" ಎಂದಾಗುತ್ತದೆ: ವತಾಶಿ ಎಂದರೆ ನಾನು, ಗಾ ಎಂಬುದು ಕರ್ತೃವನ್ನು ಗುರುತಿಸುವ ಪ್ರತ್ಯಯದಂತಹ ಪದ, ಕಿನೋ ಎಂದರೆ ನಿನ್ನೆ, ಯೊಂದಾ ಎಂದರೆ ಓದಿದ, ಹೊನ್ ಎಂದರೆ ಪುಸ್ತಕ. ಪದಗಳ ಸರದಿ ಒಂದಿಷ್ಟೂ ಕದಲಲಿಲ್ಲ. ಕೊರಿಯನ್ ಭಾಷೆಯಲ್ಲಿಯೂ ಸರದಿ ಇದೇ. ಕ್ರಿಯಾಪದ ಕೊನೆಗೆ ಬರುವುದು, ನಾಮಪದದ ಬೆನ್ನಿಗೆ ವಿಭಕ್ತಿಯ ಗುರುತು ಹತ್ತುವುದು, ಎದುರಿಗಿರುವವರ ಹಿರಿತನಕ್ಕೆ ತಕ್ಕಂತೆ ಮಾತಿನ ರೂಪ ಬದಲಾಗುವುದು, ಇವೆಲ್ಲ ಇಂಗ್ಲಿಷಿನವರು ವರ್ಷಗಟ್ಟಲೆ ಗುದ್ದಾಡುವ ಸಂಗತಿಗಳು. ನಮಗೆ ಹುಟ್ಟಿನಿಂದಲೇ ಬಂದವು. ಆದ್ದರಿಂದ ಆ 2,200 ಗಂಟೆಗಳಲ್ಲಿ ವ್ಯಾಕರಣದ ಪಾಲು ನಮಗೆ ಗಣನೀಯವಾಗಿ ಹಗುರವಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಹಗುರವಾಗದೆ ಉಳಿಯುವುದು ಬರವಣಿಗೆ. ಜಪಾನಿಗೆ ಹಿರಗಾನಾ ಮತ್ತು ಕತಕಾನಾ ಎಂಬ ಎರಡು ಅಕ್ಷರಮಾಲೆಗಳಿದ್ದು, ಒಂದೊಂದರಲ್ಲೂ ಮೂಲಾಕ್ಷರಗಳು 46. ಇವುಗಳನ್ನು ಜೋಡಿಸುವ ಕ್ರಮ ಕಂಡಾಗ ನಮ್ಮವರಿಗೆ ಅಚ್ಚರಿಯಾಗುವುದು ಸಹಜ, ಏಕೆಂದರೆ ಅಲ್ಲಿಯೂ ಸ್ವರಗಳು ಮೊದಲು, ಅನಂತರ ಕ ಸಾಲು, ಸ ಸಾಲು, ತ, ನ, ಹ, ಮ, ಯ, ರ, ವ ಎಂದು ಸಾಗುತ್ತದೆ. ಬೌದ್ಧ ಪಂಡಿತರ ಮೂಲಕ ಅಲ್ಲಿಗೆ ತಲುಪಿದ ಸಂಸ್ಕೃತದ ವರ್ಣಮಾಲೆಯ ಪ್ರಭಾವ ಅದು. ಇಷ್ಟನ್ನು ಒಂದು ತಿಂಗಳಲ್ಲಿ ಕಲಿಯಬಹುದು. ಬೆಟ್ಟ ಇರುವುದು ಇದರಾಚೆ: ಸಾಮಾನ್ಯ ಬಳಕೆಗೆಂದು ಅಲ್ಲಿನ ಸರ್ಕಾರ ಗೊತ್ತುಪಡಿಸಿರುವ ಕಾಂಜಿ ಎಂಬ ಚಿತ್ರಾಕ್ಷರಗಳು 2,136, ಮತ್ತು ಒಂದೇ ಅಕ್ಷರಕ್ಕೆ ಹಲವು ಉಚ್ಚಾರಣೆಗಳು. ಬದುಕು, ಹುಟ್ಟು ಎಂಬ ಅರ್ಥದ ಒಂದು ಕಾಂಜಿ "ಗಕುಸೆಯ್" ಎಂಬ ಪದದಲ್ಲಿ ಸೆಯ್ ಆಗುತ್ತದೆ, "ಇಕಿರು" ಎಂಬಲ್ಲಿ ಇ ಆಗುತ್ತದೆ, ಒಂಟಿಯಾಗಿ ನಿಂತು ಹಸಿಯಾದದ್ದು ಎಂಬ ಅರ್ಥ ಕೊಡುವಾಗ "ನಾಮಾ" ಆಗುತ್ತದೆ. ಇದನ್ನು ದಿನಕ್ಕೆ ಐದು ಅಕ್ಷರದಂತೆ ತಾಳ್ಮೆಯಿಂದ ಬರೆದು ಬರೆದು ಕೂಡಿಸಿಕೊಳ್ಳುವ ಸ್ವಭಾವ ನಿಮ್ಮದೇ ಎಂದು ನಿಮಗೇ ಗೊತ್ತಿರಬೇಕು.

ಕೊರಿಯನ್ ಈ ವಿಷಯದಲ್ಲಿ ತುಂಬ ಉದಾರಿ. ಸೆಜೊಂಗ್ ದೊರೆಯ ಕಾಲದಲ್ಲಿ ರೂಪುಗೊಂಡು 1446ರಲ್ಲಿ ಪ್ರಕಟವಾದ ಹಂಗುಲ್ ಲಿಪಿಯಲ್ಲಿ ಮೂಲ ವ್ಯಂಜನಗಳು 14, ಮೂಲ ಸ್ವರಗಳು 10. ವ್ಯಂಜನ, ಸ್ವರಗಳು ಸೇರಿ ಒಂದು ಚೌಕದೊಳಗೆ ಅಕ್ಷರವಾಗಿ ಕೂರುವ ರೀತಿ ಗುಣಿತಾಕ್ಷರ ಬಲ್ಲವರಿಗೆ ವಿವರಣೆಯನ್ನೇ ಬೇಡುವುದಿಲ್ಲ. ಒಂದು ವಾರದಲ್ಲಿ ಓದಲು ಬರುತ್ತದೆ. ಆಮೇಲೆ ಅಕ್ಷರಗಳು ಅಕ್ಕಪಕ್ಕ ಬಂದಾಗ ಉಚ್ಚಾರಣೆ ಬದಲಾಗುವ ನಿಯಮಗಳು ಒಂದಷ್ಟು ಕಾಡುತ್ತವೆ, ಆದರೆ ಸಂಧಿ ಕಲಿತವರಿಗೆ ಅದೂ ತೀರ ಹೊಸತಲ್ಲ.

ಚೀನೀ ಭಾಷೆಯಲ್ಲಿ ಲಿಂಗ ವಿಭಕ್ತಿಗಳ ಗೋಜಿಲ್ಲ, ಕ್ರಿಯಾಪದ ಕಾಲಕ್ಕೆ ತಕ್ಕಂತೆ ರೂಪ ಬದಲಿಸುವುದಿಲ್ಲ. ಕಷ್ಟವಿರುವುದು ಕಿವಿಗೆ ಮತ್ತು ಕೈಗೆ. ನಾಲ್ಕು ಸ್ವರಸ್ಥಾನಗಳಲ್ಲಿ "ಮಾ" ಎಂದರೆ ಕ್ರಮವಾಗಿ ತಾಯಿ, ಸೆಣಬಿನ ಜಾತಿಯ ಒಂದು ಗಿಡ, ಕುದುರೆ, ಬೈಯುವುದು ಎಂಬ ನಾಲ್ಕು ಬೇರೆ ಬೇರೆ ಪದಗಳಾಗುತ್ತವೆ. ಅದೇ ಹೊತ್ತಿಗೆ ನಮಗೊಂದು ಅನುಕೂಲವೂ ಇದೆ. ಚೀನೀ ಪದಗಳನ್ನು ರೋಮನ್ ಲಿಪಿಯಲ್ಲಿ ಬರೆಯುವ ಪಿನ್‌ಯಿನ್ ಪದ್ಧತಿಯಲ್ಲಿ ಬಿ ಎಂದು ಬರೆಯುವ ಧ್ವನಿ ಹೆಚ್ಚುಕಡಿಮೆ ನಮ್ಮ ಪಕಾರ, ಪಿ ಎಂದು ಬರೆಯುವುದು ಉಸಿರು ತುಂಬಿದ ಮಹಾಪ್ರಾಣ. ಡಿ ಮತ್ತು ಟಿಗಳ ನಡುವಿನ ಭೇದವೂ ಹಾಗೆಯೇ. ಅಲ್ಪಪ್ರಾಣ ಮಹಾಪ್ರಾಣಗಳನ್ನು ಶಾಲೆಯಲ್ಲಿ ಬಾಯಿಪಾಠ ಮಾಡಿದವರು ಬರಹವನ್ನು ನಂಬದೆ ಕಿವಿಯನ್ನು ನಂಬಿದರೆ ಈ ಭೇದವನ್ನು ಬೇಗ ಹಿಡಿಯುತ್ತಾರೆ.

ಯುರೋಪಿನ ಭಾಷೆಗಳಿಗೆ ಬಂದರೆ ನಮ್ಮ ಇಂಗ್ಲಿಷ್ ಕೈಹಿಡಿಯುತ್ತದೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಪದಗಳು ರಾಶಿರಾಶಿಯಾಗಿ ಇಂಗ್ಲಿಷಿಗೆ ಬಂದವು. ಹಾಗಾಗಿ ಫ್ರೆಂಚ್ ಪುಟವೊಂದನ್ನು ತೆರೆದರೆ ಮೊದಲ ದಿನವೇ ಹಲವು ಪದಗಳು ಪರಿಚಿತವೆನಿಸುತ್ತವೆ. ತೊಡಕು ಬರುವುದು ಬರೆದದ್ದಕ್ಕೂ ನುಡಿದದ್ದಕ್ಕೂ ಇರುವ ಅಂತರದಲ್ಲಿ. "ಅವನು ಮಾತಾಡುತ್ತಾನೆ", "ಅವರು ಮಾತಾಡುತ್ತಾರೆ" ಎಂಬುದಕ್ಕೆ ಫ್ರೆಂಚಿನಲ್ಲಿ ಬೇರೆ ಬೇರೆ ಬರಹವಿದ್ದರೂ ಎರಡೂ ಕೇಳಿಸುವುದು "ಇಲ್ ಪಾರ್ಲ್" ಎಂದೇ. ಬರೆದಂತೆಯೇ ಓದುವ ಭಾಷೆಯಲ್ಲಿ ಬೆಳೆದವರಿಗೆ ಇದು ಬಹುದಿನದ ಕಿರಿಕಿರಿ. ಆ ದೃಷ್ಟಿಯಿಂದ ಸ್ಪ್ಯಾನಿಷ್ ನಮಗೆ ಹತ್ತಿರದ್ದು: ಐದೇ ಸ್ವರಗಳು, ಬರೆದಂತೆ ಓದು. ಜೊತೆಗೆ "ಮೆ ಗುಸ್ತಾ ಲಾ ಮೂಸಿಕಾ" ಎಂಬ ವಾಕ್ಯವನ್ನು ನೋಡಿ. ಇದರ ಕಟ್ಟಡ "ನನಗೆ ಸಂಗೀತ ಇಷ್ಟವಾಗುತ್ತದೆ" ಎಂಬುದೇ. ಇಷ್ಟಪಡುವವನು ಚತುರ್ಥಿಯಲ್ಲಿದ್ದಾನೆ, ಕರ್ತೃಸ್ಥಾನದಲ್ಲಿ ಸಂಗೀತವಿದೆ. ಇಂಗ್ಲಿಷಿನ ಮೂಲಕ ಇದನ್ನು ಕಲಿಯಲು ಹೊರಟವರು ಎಡವುತ್ತಾರೆ, ಕನ್ನಡದ ಮೂಲಕ ಕಲಿಯುವವರಿಗೆ ಒಂದೇ ನಿಮಿಷ ಸಾಕು.

ಜರ್ಮನ್ ಕಲಿಯುವವರಿಗೆ ಮೊದಲು ಎದುರಾಗುವುದು ಲಿಂಗ. ಕನ್ನಡದಲ್ಲಿ ಲಿಂಗ ಅರ್ಥವನ್ನು ಹಿಂಬಾಲಿಸುತ್ತದೆ. ಜರ್ಮನ್‌ನಲ್ಲಿ ಮೇಜು ಪುಲ್ಲಿಂಗ, ಬಾಗಿಲು ಸ್ತ್ರೀಲಿಂಗ, ಕಿಟಕಿ ನಪುಂಸಕಲಿಂಗ, ಹುಡುಗಿ ಎಂಬ ಅರ್ಥದ "ಮೇಡ್ಷೆನ್" ಪದವೂ ನಪುಂಸಕಲಿಂಗ. ಪ್ರತಿ ಪದವನ್ನೂ ಅದರ ಲಿಂಗಸೂಚಿಯ ಜೊತೆಗೇ ಕಲಿಯುವುದು ಬಿಟ್ಟು ಬೇರೆ ದಾರಿಯಿಲ್ಲ. ನಾಲ್ಕು ವಿಭಕ್ತಿಗಳೂ ಅಧೀನ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಹೋಗುವುದೂ ಕೇಳಲು ಭಯ ಹುಟ್ಟಿಸಬಹುದು, ಆದರೆ ಕ್ರಿಯಾಪದಕ್ಕಾಗಿ ಕೊನೆಯವರೆಗೆ ಕಾಯುವುದು ನಮ್ಮ ಕಿವಿಗೆ ರೂಢಿಯಾಗಿರುವ ಸಂಗತಿಯೇ. ರಷ್ಯನ್‌ನಲ್ಲಿ 33 ಅಕ್ಷರಗಳ ಹೊಸ ಲಿಪಿ, ಆರು ವಿಭಕ್ತಿಗಳು. "ಇದು ಪುಸ್ತಕ" ಎಂಬಲ್ಲಿ ನಮ್ಮಂತೆಯೇ ಕ್ರಿಯಾಪದವಿಲ್ಲದ ಎರಡೇ ಪದಗಳು.

ಅರೇಬಿಕ್ ಆರಿಸಿಕೊಳ್ಳುವವರು ಒಂದು ವಿಷಯವನ್ನು ಮೊದಲೇ ಕೇಳಿ ತಿಳಿಯಬೇಕು. ಪತ್ರಿಕೆ, ಪುಸ್ತಕ, ಸುದ್ದಿವಾಚನಗಳ ಶಿಷ್ಟ ಅರೇಬಿಕ್ ಬೇರೆ, ಈಜಿಪ್ಟಿನಲ್ಲೋ ಮೊರಾಕೊದಲ್ಲೋ ಜನ ಮನೆಯಲ್ಲಿ ಆಡುವ ಅರೇಬಿಕ್ ಬೇರೆ. ಕಾಲೇಜುಗಳು ಸಾಮಾನ್ಯವಾಗಿ ಶಿಷ್ಟ ರೂಪವನ್ನೇ ಕಲಿಸುತ್ತವೆ. ಜನರೊಡನೆ ಮಾತಾಡಬೇಕೆಂಬ ಉದ್ದೇಶವಿದ್ದರೆ ಯಾವುದಾದರೂ ಒಂದು ಪ್ರದೇಶದ ಆಡುಮಾತನ್ನು ಪ್ರತ್ಯೇಕವಾಗಿ ಕಲಿಯಬೇಕಾಗುತ್ತದೆ. ಪೋರ್ಚುಗೀಸ್ ಕಲಿಯುವವರು ಬ್ರೆಜಿಲ್ಲಿನ ಉಚ್ಚಾರಣೆಯೋ ಪೋರ್ಚುಗಲ್ಲಿನದೋ ಎಂದು ಕೇಳಿಕೊಂಡರೆ ಸಾಕು.

ಉದ್ದೇಶವನ್ನು ಒಂದು ವಾಕ್ಯದಲ್ಲಿ ಬರೆಯಿರಿ

"ಕೆಲಸಕ್ಕೆ ಉಪಯೋಗವಾಗುತ್ತದೆ" ಎಂಬುದು ಉದ್ದೇಶವಲ್ಲ, ಆಸೆ. ಉದ್ದೇಶವೆಂದರೆ ಅದರಲ್ಲಿ ಸ್ಪಷ್ಟವಾದ ಕ್ರಿಯೆ ಇರಬೇಕು: ಜರ್ಮನಿಯಲ್ಲಿ ಸ್ನಾತಕೋತ್ತರ ಪದವಿ ಓದಬೇಕು, ಜಪಾನಿನ ಕಂಪನಿಯ ಎಂಜಿನಿಯರುಗಳ ಸಭೆಯಲ್ಲಿ ಕುಳಿತು ಅರ್ಥ ಮಾಡಿಕೊಳ್ಳಬೇಕು, ಲ್ಯಾಟಿನ್ ಅಮೆರಿಕದ ಕಾದಂಬರಿಗಳನ್ನು ಮೂಲದಲ್ಲಿ ಓದಬೇಕು, ಹೊರದೇಶದಲ್ಲಿ ನೆಲೆಸಿರುವ ಅಕ್ಕನ ಮಕ್ಕಳೊಡನೆ ಅವರ ಭಾಷೆಯಲ್ಲಿ ಆಡಬೇಕು. ಹೀಗೆ ಬರೆದ ಕೂಡಲೇ ಎರಡು ಸಂಗತಿಗಳು ಹೊರಬೀಳುತ್ತವೆ: ಯಾವ ಕೌಶಲ ಮುಖ್ಯ, ಮತ್ತು ಎಷ್ಟು ಬೇಕು.

ಎಷ್ಟು ಎಂಬುದನ್ನು ಅಳೆಯಲು ಸಿದ್ಧ ಮಾಪನಗಳಿವೆ. ಕೌನ್ಸಿಲ್ ಆಫ್ ಯುರೋಪ್ 2001ರಲ್ಲಿ ಪ್ರಕಟಿಸಿದ ಚೌಕಟ್ಟು ಭಾಷಾಜ್ಞಾನವನ್ನು ಎ1, ಎ2, ಬಿ1, ಬಿ2, ಸಿ1, ಸಿ2 ಎಂದು ಆರು ಹಂತಗಳಾಗಿ ವಿಂಗಡಿಸುತ್ತದೆ. ಬಿ1 ಎಂದರೆ ಪರಿಚಿತ ವಿಷಯಗಳನ್ನು ಸರಳವಾಗಿ ಹೇಳಿ ಬರೆದು ನಿಭಾಯಿಸುವ ಹಂತ. ಬಿ2 ಎಂದರೆ ಆ ಭಾಷಿಕರೊಡನೆ ಎರಡೂ ಕಡೆಗೆ ಆಯಾಸವಾಗದಂತೆ ಚರ್ಚಿಸಬಲ್ಲ ಹಂತ. ಫ್ರೆಂಚಿನ ಡೆಲ್ಫ್ ಮತ್ತು ಡಾಲ್ಫ್, ಸ್ಪ್ಯಾನಿಷ್‌ನ ಡೆಲೆ, ಜರ್ಮನ್‌ನ ಗೋಯ್ಥೆ ಪ್ರಮಾಣಪತ್ರಗಳೆಲ್ಲ ಈ ಹಂತಗಳನ್ನೇ ಅನುಸರಿಸುತ್ತವೆ. ಜಪಾನಿ ಪರೀಕ್ಷೆಯಲ್ಲಿ ಎನ್5ರಿಂದ ಎನ್1ರವರೆಗೆ ಐದು ಹಂತಗಳಿದ್ದು, ಎನ್1 ಅತಿ ಮೇಲಿನದು. ಕೊರಿಯನ್‌ನ ಟೋಪಿಕ್ ಪರೀಕ್ಷೆಗೆ ಆರು ಹಂತಗಳು, ಆ ಅಂಕಪಟ್ಟಿಗೆ ಎರಡು ವರ್ಷ ಮಾತ್ರ ಮಾನ್ಯತೆ. ಆದ್ದರಿಂದ ಅದನ್ನು ಬೇಕಾದ ಹೊತ್ತಿಗೆ ಸರಿಯಾಗಿ ಬರೆಯಬೇಕು. ಜಪಾನಿ ಪರೀಕ್ಷೆಯಲ್ಲಿ ಮಾತಾಡುವ ಭಾಗವೂ ಸ್ವಂತವಾಗಿ ಬರೆಯುವ ಭಾಗವೂ ಇಲ್ಲ, ಎಲ್ಲವೂ ಸರಿಯುತ್ತರ ಆರಿಸುವ ಪ್ರಶ್ನೆಗಳು. ಎನ್2 ದಾಟಿಯೂ ಬಾಯಿಬಿಟ್ಟು ಮಾತಾಡಲು ಹಿಂಜರಿಯುವವರು ಇರುವುದು ಇದರಿಂದಲೇ, ಮತ್ತು ಸಂದರ್ಶನದಲ್ಲಿ ಇದು ಬಯಲಾಗುತ್ತದೆ.

ಉದ್ದೇಶಕ್ಕೂ ಹಂತಕ್ಕೂ ಇರುವ ಸಂಬಂಧವನ್ನು ಜರ್ಮನಿಯ ಉದಾಹರಣೆಯಿಂದ ನೋಡಬಹುದು. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಮಟ್ಟಿಗೆ ಬೋಧನಾ ಶುಲ್ಕವಿಲ್ಲವೆಂಬುದು ಅನೇಕರನ್ನು ಜರ್ಮನ್ ಕಡೆ ಸೆಳೆಯುತ್ತದೆ. ಆದರೆ ಬಾಡನ್-ವ್ಯೂರ್ಟೆಂಬರ್ಗ್ ರಾಜ್ಯ ಯುರೋಪ್ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಗೆ 2017ರಿಂದ ಸೆಮಿಸ್ಟರಿಗೆ 1,500 ಯೂರೋ ಶುಲ್ಕ ವಿಧಿಸಿತು. ಸ್ನಾತಕೋತ್ತರ ಮಟ್ಟದಲ್ಲಿ ಇಂಗ್ಲಿಷ್ ಮಾಧ್ಯಮದ ಕೋರ್ಸುಗಳು ಸಾಕಷ್ಟಿವೆ, ಅವುಗಳಿಗೆ ಜರ್ಮನ್ ಕಡ್ಡಾಯವಾಗಿ ಬೇಕಾಗಲಾರದು. ಆದರೆ ಅಲ್ಲಿನ ಬದುಕಿಗೆ ಮತ್ತು ಓದಿನ ನಂತರದ ಕೆಲಸಕ್ಕೆ ಬಿ1 ಇದ್ದವರಿಗೂ ಇಲ್ಲದವರಿಗೂ ಅಜಗಜಾಂತರವಿದೆ. ಜರ್ಮನ್ ಮಾಧ್ಯಮದಲ್ಲಿ ಪದವಿ ಓದುವುದಾದರೆ ಬಿ2ರಿಂದ ಸಿ1ರಷ್ಟು ಬೇಕು, ಅಂದರೆ ಕಾಲೇಜಿನ ನಾಲ್ಕು ಸೆಮಿಸ್ಟರುಗಳ ಮೇಲೆ ಮತ್ತೊಂದು ವರ್ಷದ ತೀವ್ರ ಅಭ್ಯಾಸವೇ ಬೇಕು. ಈ ಲೆಕ್ಕ ಮೊದಲ ವರ್ಷದಲ್ಲೇ ಕೈಯಲ್ಲಿದ್ದರೆ ಕೊನೆಯ ವರ್ಷದಲ್ಲಿ ಗಾಬರಿಯಾಗುವುದಿಲ್ಲ.

ಸಂಶೋಧನೆಯ ಹಾದಿ ಹಿಡಿಯುವವರಿಗೆ ಓದುವ ಕೌಶಲವೇ ಮುಖ್ಯ. ತತ್ತ್ವಶಾಸ್ತ್ರ, ಪುರಾತತ್ತ್ವ, ಸಂಗೀತಶಾಸ್ತ್ರ, ಭಾಷಾವಿಜ್ಞಾನಗಳಲ್ಲಿ ಜರ್ಮನ್ ಮತ್ತು ಫ್ರೆಂಚ್ ಬರಹಗಳು ಅಪಾರವಾಗಿವೆ. ಸಂಸ್ಕೃತ ಅಧ್ಯಯನದಲ್ಲಿ ಇಂದಿಗೂ ಆಧಾರವಾಗಿರುವ ಬ್ಯೋಟ್ಲಿಂಕ್ ಮತ್ತು ರೋಟ್ ಅವರ ಏಳು ಸಂಪುಟಗಳ ನಿಘಂಟು 1855ರಿಂದ 1875ರವರೆಗೆ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಅಚ್ಚಾಯಿತು, ಅದರ ಅರ್ಥವಿವರಣೆಗಳಿರುವುದು ಜರ್ಮನ್‌ನಲ್ಲಿ. ಇಂತಹ ಉದ್ದೇಶವಿರುವವರು ಉಚ್ಚಾರಣೆಯ ಬಗ್ಗೆ ಅಷ್ಟಾಗಿ ಕೊರಗಬೇಕಿಲ್ಲ. ನಿಘಂಟಿನ ನೆರವಿನಿಂದ ಪುಟ ದಾಟುವುದನ್ನು ಮೊದಲ ದಿನದಿಂದಲೇ ರೂಢಿಸಿಕೊಳ್ಳಬೇಕು.

ಎಷ್ಟು ಕೋಟಿ ಜನ ಆಡುತ್ತಾರೆ ಎಂಬ ಪಟ್ಟಿಗಳನ್ನು ನೋಡಿ ಭಾಷೆ ಆರಿಸಬೇಡಿ. ಸ್ಪ್ಯಾನಿಷ್ 20 ದೇಶಗಳ ಅಧಿಕೃತ ಭಾಷೆ, ಚೀನೀ ಜಗತ್ತಿನಲ್ಲೇ ಅತಿ ಹೆಚ್ಚು ಮಂದಿಯ ತಾಯ್ನುಡಿ, ನಿಜ. ಆದರೆ ಆ ಕೋಟಿಗಟ್ಟಲೆ ಜನರಲ್ಲಿ ನೀವು ಭೇಟಿಯಾಗುವವರು ಯಾರು, ಎಲ್ಲಿ, ಯಾವ ಕೆಲಸದ ಮೇಲೆ ಎಂಬುದಷ್ಟೇ ನಿಮಗೆ ಸಂಬಂಧಿಸಿದ್ದು. ಅನುವಾದ ಯಂತ್ರಗಳಿರುವಾಗ ಕಲಿಯುವ ಶ್ರಮವೇಕೆ ಎಂದು ಕೇಳುವವರಿಗೂ ಉತ್ತರ ಇದರಲ್ಲೇ ಇದೆ. ಪತ್ರದ ಒಕ್ಕಣೆ ತಿಳಿಯಲು ಯಂತ್ರ ಸಾಕು. ಪಕ್ಕದಲ್ಲಿ ಕುಳಿತವರು ನಕ್ಕದ್ದೇಕೆಂದು ತಿಳಿಯಲು ಭಾಷೆಯೇ ಬೇಕು.

ಕಾಲೇಜಿನಲ್ಲಿ ವಿಚಾರಿಸಬೇಕಾದದ್ದು

ಭಾಷೆ ಎಷ್ಟೇ ಸೂಕ್ತವಾಗಿದ್ದರೂ ಅದನ್ನು ಕಲಿಸುವ ವ್ಯವಸ್ಥೆ ಸರಿಯಿಲ್ಲದಿದ್ದರೆ ಆಯ್ಕೆ ಕೈಕೊಡುತ್ತದೆ. ಮೊದಲು ಕೇಳಬೇಕಾದದ್ದು, ಈ ಭಾಷೆ ಎಷ್ಟು ಸೆಮಿಸ್ಟರ್ ನಡೆಯುತ್ತದೆ ಎಂದು. ಪಠ್ಯಕ್ರಮದ ಪುಸ್ತಕದಲ್ಲಿ ನಾಲ್ಕು ಸೆಮಿಸ್ಟರ್ ಎಂದು ಅಚ್ಚಾಗಿದ್ದರೆ ಸಾಲದು. ಮೂರನೆಯ ಸೆಮಿಸ್ಟರ್ ಕಳೆದ ವರ್ಷ ನಿಜವಾಗಿ ನಡೆಯಿತೇ, ಎಷ್ಟು ಮಂದಿ ಇದ್ದರು ಎಂದು ಹಿರಿಯ ವಿದ್ಯಾರ್ಥಿಗಳನ್ನು ಕೇಳಬೇಕು. ಕನಿಷ್ಠ ಸಂಖ್ಯೆ ತುಂಬದೆ ಮುಂದಿನ ತರಗತಿ ರದ್ದಾಗುವುದು ಅಪರೂಪವೇನಲ್ಲ.

ಎರಡನೆಯದಾಗಿ, ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಸಂಪಾದಿಸಿ ನೋಡಿ. ಇದಕ್ಕಿಂತ ಪ್ರಾಮಾಣಿಕವಾದ ದಾಖಲೆ ಇನ್ನೊಂದಿಲ್ಲ. ಬಿಟ್ಟ ಸ್ಥಳ ತುಂಬುವುದು, ಕ್ರಿಯಾಪದದ ರೂಪ ಬರೆಯುವುದು, ಪಾಠದ ಪ್ಯಾರಾವನ್ನು ಇಂಗ್ಲಿಷಿಗೆ ಅನುವಾದಿಸುವುದು ಇಷ್ಟೇ ಇದ್ದರೆ ತರಗತಿಯಲ್ಲಿ ಮಾತಿನ ಅಭ್ಯಾಸ ನಡೆಯುವುದಿಲ್ಲವೆಂದು ತಿಳಿಯಬಹುದು, ಏಕೆಂದರೆ ಪರೀಕ್ಷೆಯಲ್ಲಿ ಕೇಳದ್ದನ್ನು ಕಲಿಸಲು ಅಧ್ಯಾಪಕರಿಗೆ ಬಿಡುವಿರುವುದಿಲ್ಲ. ಕೇಳಿ ಬರೆಯುವ ಭಾಗ, ಮೌಖಿಕ ಪರೀಕ್ಷೆ, ಪರಿಚಯವಿಲ್ಲದ ಗದ್ಯದ ಮೇಲಿನ ಪ್ರಶ್ನೆಗಳಿದ್ದರೆ ಅದು ಒಳ್ಳೆಯ ಲಕ್ಷಣ.

ಆಮೇಲೆ ಅಧ್ಯಾಪಕರು. ಅನುಮತಿ ಕೇಳಿ ಒಂದು ತರಗತಿಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು ಬನ್ನಿ. ಆ ಒಂದು ಗಂಟೆಯಲ್ಲಿ ವಿದ್ಯಾರ್ಥಿಗಳು ಎಷ್ಟು ಸಲ ಬಾಯಿಬಿಟ್ಟರು, ತಪ್ಪು ಮಾಡಿದಾಗ ಅಧ್ಯಾಪಕರು ಏನು ಮಾಡಿದರು ಎಂಬುದನ್ನು ಮಾತ್ರ ಗಮನಿಸಿ. ತಪ್ಪಿದವನಿಗೆ ನಾಚಿಕೆಯಾಗದಂತೆ ತಿದ್ದಿ, ಅವನ ಬಾಯಿಂದಲೇ ಸರಿಯಾದ ವಾಕ್ಯ ಹೊರಡಿಸುವ ಅಧ್ಯಾಪಕರು ಸಿಕ್ಕರೆ, ಮತ್ತು ನಿಮ್ಮ ಉದ್ದೇಶದ ವಾಕ್ಯ ಇನ್ನೂ ಮಸುಕಾಗಿಯೇ ಇದ್ದರೆ, ಅವರು ಕಲಿಸುವ ಭಾಷೆಯನ್ನೇ ಆರಿಸಿಕೊಳ್ಳಿ ಎಂದು ನಾನು ಹೇಳುತ್ತೇನೆ. ಒಮ್ಮೆ ಒಂದು ಭಾಷೆಯನ್ನು ಸರಿಯಾಗಿ ಕಲಿತವರಿಗೆ ಕಲಿಯುವ ಬಗೆಯೇ ಕೈವಶವಾಗುತ್ತದೆ, ಎರಡನೆಯ ಭಾಷೆಯನ್ನು ಬೇಕೆಂದಾಗ ಸ್ವಂತವಾಗಿಯೂ ಹಿಡಿಯಬಹುದು.

ಅಂಕಗಳ ಬಗ್ಗೆ ಒಂದು ಎಚ್ಚರಿಕೆ. ಶಾಲೆಯಲ್ಲಿ ಆರು ವರ್ಷ ಫ್ರೆಂಚ್ ಓದಿದವರೂ ಆರಂಭಿಕ ತರಗತಿಗೇ ಬಂದು ಕೂರುವುದುಂಟು. ಅವರ ವೇಗಕ್ಕೆ ಪಾಠ ಓಡತೊಡಗಿದರೆ ನಿಜವಾದ ಆರಂಭಿಕರು ಎರಡನೆಯ ತಿಂಗಳಲ್ಲೇ ಹಿಂದೆ ಬೀಳುತ್ತಾರೆ. ತರಗತಿಯಲ್ಲಿ ಅಂತಹವರೆಷ್ಟು ಮಂದಿ ಇದ್ದಾರೆಂದು ಮೊದಲೇ ತಿಳಿದುಕೊಳ್ಳುವುದು ಒಳ್ಳೆಯದು.

ಎರಡು ವಾರದ ಪರೀಕ್ಷೆ

ಪಟ್ಟಿ ಎರಡು ಭಾಷೆಗಳಿಗೆ ಇಳಿದ ಮೇಲೆ ಯೋಚನೆ ನಿಲ್ಲಿಸಿ ಕೈಹಾಕಿ ನೋಡಬೇಕು. ಒಂದೊಂದು ಭಾಷೆಗೆ ಒಂದೊಂದು ವಾರ, ದಿನಕ್ಕೆ ನಲವತ್ತು ನಿಮಿಷ. ಮೊದಲ ಹತ್ತು ನಿಮಿಷ ಅಕ್ಷರ ಅಥವಾ ಉಚ್ಚಾರಣೆ, ಮುಂದಿನ ಹದಿನೈದು ನಿಮಿಷ ದಿನಕ್ಕೆ ಏಳೆಂಟು ಪದಗಳು ಮತ್ತು ಅವುಗಳಿಂದ ಮಾಡಿದ ಸಣ್ಣ ವಾಕ್ಯಗಳು, ಕೊನೆಯ ಹದಿನೈದು ನಿಮಿಷ ಆ ಭಾಷೆಯ ಮಾತನ್ನು ಅರ್ಥವಾಗದಿದ್ದರೂ ಸುಮ್ಮನೆ ಕೇಳುವುದು. ಏಳನೆಯ ದಿನ, ಪುಸ್ತಕ ಮುಚ್ಚಿ, ನಿಮ್ಮ ಪರಿಚಯವನ್ನು ಐದು ವಾಕ್ಯದಲ್ಲಿ ಹೇಳಿ ಫೋನಿನಲ್ಲಿ ಧ್ವನಿಮುದ್ರಿಸಿ. ಎಷ್ಟು ಪದ ನೆನಪಿನಲ್ಲಿ ಉಳಿದವೆಂಬುದು ಇಲ್ಲಿ ಮುಖ್ಯವಲ್ಲ. ನಾಲ್ಕನೆಯ ದಿನ ಹೊಸತನ ಇಳಿದ ಮೇಲೂ ಪುಸ್ತಕ ತೆರೆಯಲು ಮನಸ್ಸು ಬಂತೇ, ನಲವತ್ತು ನಿಮಿಷ ಮುಗಿದದ್ದು ಗೊತ್ತಾಗದೆ ಮುಂದುವರಿದ ದಿನವಿತ್ತೇ, ಆ ಭಾಷೆಯ ಧ್ವನಿ ಕಿವಿಗೆ ಹಿತವೆನಿಸಿತೇ ಎಂಬುದನ್ನು ಅದೇ ದಿನ ಬರೆದಿಟ್ಟುಕೊಳ್ಳಿ. ಎರಡನೆಯ ವಾರದ ಕೊನೆಗೆ ಎರಡೂ ಟಿಪ್ಪಣಿಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದರೆ ಉತ್ತರ ಹೆಚ್ಚಾಗಿ ಕಣ್ಣಿಗೇ ಕಾಣುತ್ತದೆ.

ಎರಡೂ ಇಷ್ಟವಾದವೆಂದು ಎರಡನ್ನೂ ಒಟ್ಟಿಗೆ ಹಿಡಿಯಬೇಡಿ. ಸ್ಪ್ಯಾನಿಷ್ ಮತ್ತು ಇಟಾಲಿಯನ್‌ನಂತಹ ಒಡಹುಟ್ಟಿದ ಭಾಷೆಗಳಾದರೆ ಪದಗಳು ಒಂದರೊಳಗೊಂದು ಕಲಸಿಹೋಗುತ್ತವೆ, ದೂರದ ಭಾಷೆಗಳಾದರೆ ಗಂಟೆಗಳು ಹರಿದು ಹಂಚಿಹೋಗುತ್ತವೆ. ಒಂದು ಬಿ1ರ ಆಸುಪಾಸಿಗೆ ಬಂದ ಮೇಲೆ ಇನ್ನೊಂದಕ್ಕೆ ಕೈಹಾಕಿದರೆ ಮೊದಲನೆಯದಕ್ಕೆ ಪೆಟ್ಟು ಬೀಳುವುದಿಲ್ಲ.

ವಿಷಯ ಬದಲಿಸಲು ಕಾಲೇಜು ಕೊಡುವ ಕೊನೆಯ ದಿನಾಂಕವನ್ನು ಅರ್ಜಿ ಕೊಡುವ ದಿನವೇ ಗುರುತು ಹಾಕಿಕೊಳ್ಳಿ, ಮತ್ತು ಅದಕ್ಕೆ ಒಂದು ವಾರ ಮುಂಚೆ ಮೊದಲ ತರಗತಿಗಳ ಅನುಭವವನ್ನು ಇಟ್ಟುಕೊಂಡು ಆಯ್ಕೆಯನ್ನು ಮತ್ತೊಮ್ಮೆ ತೂಗಿ ನೋಡಿ. ಆಯ್ಕೆ ಗಟ್ಟಿಯಾದ ಮೇಲೆ ಮಾಡಬೇಕಾದ ಮೊದಲ ಕೆಲಸ, ಸೆಮಿಸ್ಟರುಗಳ ನಡುವಿನ ರಜೆಗೆ ಯೋಜನೆ ಹಾಕುವುದು. ಆರಂಭಿಕ ಹಂತದಲ್ಲಿ ಎರಡು ತಿಂಗಳು ಮುಟ್ಟದೆ ಬಿಟ್ಟರೆ ಮುಂದಿನ ಸೆಮಿಸ್ಟರಿನ ಮೊದಲ ತಿಂಗಳು ಮರೆತದ್ದನ್ನು ಮತ್ತೆ ಕೂಡಿಸುವುದರಲ್ಲೇ ಹೋಗುತ್ತದೆ. ರಜೆಯಲ್ಲಿ ಹೊಸ ಪಾಠ ಬೇಕಿಲ್ಲ. ಕಳೆದ ಸೆಮಿಸ್ಟರಿನ ಪುಸ್ತಕದ ಸಂಭಾಷಣೆಗಳನ್ನು ದಿನಕ್ಕೊಂದರಂತೆ ಗಟ್ಟಿಯಾಗಿ ಓದಿ, ಅದನ್ನೇ ನೋಡದೆ ಬರೆದು, ತಪ್ಪುಗಳನ್ನು ಕೆಂಪು ಶಾಯಿಯಲ್ಲಿ ತಿದ್ದಿ, ಆ ಹಾಳೆಗಳನ್ನು ದಿನಾಂಕ ಹಾಕಿ ಜೋಡಿಸಿಡಿ. ಮುಂದಿನ ಸೆಮಿಸ್ಟರಿನ ಮೊದಲ ದಿನ ಆ ಕಟ್ಟನ್ನೇ ಅಧ್ಯಾಪಕರ ಮುಂದಿಟ್ಟು, ಪದೇ ಪದೇ ಬರುವ ತಪ್ಪು ಯಾವುದೆಂದು ಕೇಳಿ ತಿಳಿದುಕೊಳ್ಳಿ.